ತೊಳೆಸಿಕೊಳ್ಳಲು ಒಪ್ಪದ ಪೇತ್ರ

ಯೋಹಾನನ ಸುವಾರ್ತೆಯ 13ನೇ ಅಧ್ಯಾಯದ ಮೇಲಿನ ಪ್ರಸಂಗಗಳನ್ನು ಚಿಕ್ಕಂದಿನಿಂದಲೂ ಕೇಳುತ್ತಾ ಬಂದಿದ್ದೇನೆ. ಶುಭ ಶುಕ್ರವಾರದ ಹಿಂದಿನ ರಾತ್ರಿ ಓದುವ ಭಾಗ ಅದು. ಯೇಸು ಊಟದಿಂದ ಎದ್ದು, ಮೇಲುಹೊದಿಕೆಯನ್ನು ತೆಗೆದಿಟ್ಟು, ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು, ಬೋಗುಣಿಯಲ್ಲಿ ನೀರು ಹಾಕಿ ಶಿಷ್ಯರ ಕಾಲುಗಳನ್ನು ತೊಳೆಯುತ್ತಾನೆ. ಪ್ರಸಂಗ ಹೋಗಿ ನಿಲ್ಲುವ ಜಾಗವೂ ಪ್ರತಿ ವರ್ಷ ಒಂದೇ: ಕರ್ತನೇ ಬಗ್ಗಿದ ಮೇಲೆ ನಾವು ಬಗ್ಗಬೇಡವೇ, ನಾವೂ ಒಬ್ಬರ ಕಾಲನ್ನು ಒಬ್ಬರು ತೊಳೆಯಬೇಡವೇ? ಅದು ಯೇಸುವೇ ಹೇಳಿದ ಮಾತು, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಆ ಮಾತು ಬರುವುದು 14ನೇ ವಚನದಲ್ಲಿ. ಅಲ್ಲಿಗೆ ತಲುಪುವ ಮೊದಲು, 6ರಿಂದ 10ನೇ ವಚನದವರೆಗೆ, ಯೋಹಾನನು ಒಂದು ವಾಗ್ವಾದವನ್ನು ಬರೆದಿಟ್ಟಿದ್ದಾನೆ. ಆ ಶಿಷ್ಯರಲ್ಲಿ ಒಬ್ಬನಾದ ಪೇತ್ರನು ಕಾಲು ಕೊಡಲು ಒಪ್ಪುವುದಿಲ್ಲ. ನಮ್ಮ ಪ್ರಸಂಗಗಳು ಈ ಐದು ವಚನಗಳನ್ನು ಅವಸರದಲ್ಲಿ ದಾಟಿಬಿಡುತ್ತವೆ. ದೀನತೆಯ ಬಗ್ಗೆ, ದೇವರನ್ನು ಆತುಕೊಳ್ಳುವುದರ ಬಗ್ಗೆ ನಾನು ಕಲಿತದ್ದರಲ್ಲಿ ಹೆಚ್ಚಿನದು ಆ ಐದು ವಚನಗಳಲ್ಲೇ ಇದೆ.

ಆ ಕಾಲದಲ್ಲಿ ಬಂದವರ ಕಾಲು ತೊಳೆಯುವುದು ಆಳಿನ ಕೆಲಸ. ಧೂಳು ತುಂಬಿದ ದಾರಿ, ತೆರೆದ ಚಪ್ಪಲಿ, ದಿನವಿಡೀ ನಡಿಗೆ. ಗುರುವೊಬ್ಬನು ಶಿಷ್ಯನ ಕಾಲಿಗೆ ಕೈ ಹಾಕುವುದನ್ನು ಯಾರೂ ಕಂಡಿರಲಿಲ್ಲ. ಪೇತ್ರನ ಗಾಬರಿ ನಮ್ಮ ಕಡೆಯವರಿಗೆ ಯಾರೂ ವಿವರಿಸದೆಯೇ ಅರ್ಥವಾಗುತ್ತದೆ. ವಯಸ್ಸಾದವರು ಯಾರಾದರೂ ನಮ್ಮ ಕಾಲಿನ ಹತ್ತಿರ ಕೈ ತಂದರೆ ನಾವು ತಟ್ಟನೆ ಹಿಂದೆ ಸರಿಯುತ್ತೇವೆ. "ನೀನು ನನ್ನ ಕಾಲುಗಳನ್ನು ಎಂದಿಗೂ ತೊಳೆಯಬಾರದು" ಎಂದು ಪೇತ್ರನು ಹೇಳಿದಾಗ ಅಲ್ಲಿದ್ದ ಉಳಿದವರು, ಇದೇ ಸರಿಯಾದ ಮಾತು, ನಾವೂ ಹೀಗೆ ಹೇಳಬೇಕಾಗಿತ್ತು ಎಂದುಕೊಂಡಿರಬಹುದು. ಕಿವಿಗೆ ಇದಕ್ಕಿಂತ ವಿನಯದ ಮಾತಿಲ್ಲ.

ಯೇಸುವಿನ ಉತ್ತರ ಮಾತ್ರ ಕಠಿಣವಾಗಿದೆ. ನಾನು ನಿನ್ನನ್ನು ತೊಳೆಯದಿದ್ದರೆ ನನ್ನ ಸಂಗಡ ನಿನಗೆ ಪಾಲಿಲ್ಲ ಎನ್ನುತ್ತಾನೆ. ಅದೇ ಅಧ್ಯಾಯದ ಕೊನೆಯಲ್ಲಿ, ಕೋಳಿ ಕೂಗುವ ಮುನ್ನ ನೀನು ಮೂರು ಸಾರಿ ನನ್ನನ್ನು ಅರಿಯೆನೆಂದು ಹೇಳುವಿ ಎಂದು ಇದೇ ಪೇತ್ರನಿಗೆ ತಿಳಿಸುತ್ತಾನೆ. ಆಗಲೂ ಪಾಲಿಲ್ಲ ಎನ್ನುವುದಿಲ್ಲ. ಹೆದರಿಕೆಯಿಂದ ಗುರುವನ್ನೇ ಅಲ್ಲಗಳೆದವನಿಗೆ ಪಾಲು ತಪ್ಪಲಿಲ್ಲ, ವಿನಯದಿಂದ ಕಾಲು ಹಿಂದಕ್ಕೆ ಎಳೆದುಕೊಂಡವನಿಗೆ ಪಾಲು ತಪ್ಪುವುದರಲ್ಲಿತ್ತು. ಈ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು.

ಪಾಲಿಲ್ಲ ಎಂದೊಡನೆ ಪೇತ್ರನು ಇನ್ನೊಂದು ತುದಿಗೆ ಹಾರುತ್ತಾನೆ: ಹಾಗಾದರೆ ಕಾಲು ಮಾತ್ರವಲ್ಲ, ಕೈಯನ್ನೂ ತಲೆಯನ್ನೂ ತೊಳೆ. ಇದನ್ನು ಶರಣಾಗತಿ ಎಂದು ಹೊಗಳುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಮೊದಲು ಏನನ್ನೂ ತೊಳೆಯಬೇಡ ಎಂದವನು ಈಗ ಎಷ್ಟು ತೊಳೆಯಬೇಕೆಂದು ಹೇಳುತ್ತಿದ್ದಾನೆ. ಎರಡೂ ಸಲ ತೀರ್ಮಾನ ಪೇತ್ರನದೇ. ಕೊಡುವವನು ಕೊಟ್ಟಷ್ಟನ್ನು, ಕೊಟ್ಟ ರೀತಿಯಲ್ಲಿ, ಸುಮ್ಮನೆ ಕುಳಿತು ತೆಗೆದುಕೊಳ್ಳುವುದು ಅವನಿಗೆ ಇನ್ನೂ ಬಂದಿಲ್ಲ. ಸ್ನಾನ ಮಾಡಿದವನಿಗೆ ಕಾಲು ತೊಳೆದರೆ ಸಾಕು ಎಂದು ಯೇಸು ಅವನನ್ನು ತಡೆಯಬೇಕಾಯಿತು.

ನಮ್ಮದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಪ್ರೊಟೆಸ್ಟಂಟ್ ಸಭೆ. ಆ ಗುರುವಾರ ರಾತ್ರಿ ನಮ್ಮಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭು ಭೋಜನವಿರುತ್ತದೆ, ಕಾಲು ತೊಳೆಯುವ ಪದ್ಧತಿಯಿಲ್ಲ. ಕ್ಯಾಥೊಲಿಕರಲ್ಲಿ ಇದೆ. 1955ರಲ್ಲಿ ಹನ್ನೆರಡನೇ ಪಿಯುಸ್ ಪೋಪರು ಪವಿತ್ರ ವಾರದ ವಿಧಿಗಳನ್ನು ತಿದ್ದಿದಾಗ ಇದನ್ನು ಆ ಸಂಜೆಯ ಬಲಿಪೂಜೆಯ ಒಳಗೇ ತಂದರು. 2016ರಲ್ಲಿ ಫ್ರಾನ್ಸಿಸ್ ಪೋಪರು ಮಹಿಳೆಯರನ್ನೂ ಆರಿಸಬಹುದೆಂದು ವಿಧಿಯನ್ನೇ ಬದಲಿಸಿದರು. ನನ್ನ ಗೆಳತಿಯೊಬ್ಬಳ ತಂದೆಯನ್ನು ಒಂದು ವರ್ಷ ಅವರ ಚರ್ಚಿನಲ್ಲಿ ಹನ್ನೆರಡು ಜನರಲ್ಲಿ ಒಬ್ಬರಾಗಿ ಕರೆದಿದ್ದರು. ಅವರು ಗಾರೆ ಕೆಲಸದವರು. ಸಿಮೆಂಟು ತಿಂದ ಪಾದ, ಹಿಮ್ಮಡಿಯಲ್ಲಿ ಆಳವಾದ ಬಿರುಕುಗಳು, ಎಷ್ಟು ತಿಕ್ಕಿದರೂ ಹೋಗದ ಬೂದು ಬಣ್ಣ ಉಗುರಿನ ಸಂದಿಯಲ್ಲಿ. ಆ ದಿನ ಮಧ್ಯಾಹ್ನವೇ ಕೆಲಸ ಬಿಟ್ಟು ಬಂದು ಬಚ್ಚಲಿನ ಕಲ್ಲಿಗೆ ಕಾಲು ಉಜ್ಜುತ್ತಾ ಕುಳಿತರಂತೆ. ತೆಂಗಿನ ನಾರು, ಬಟ್ಟೆ ಸೋಪು, ಆಮೇಲೆ ಮೈ ಸೋಪು, ಆಮೇಲೆ ಕೊಬ್ಬರಿ ಎಣ್ಣೆ. ಬಿರುಕಿನಿಂದ ರಕ್ತ ಬಂದರೂ ಬಿಡಲಿಲ್ಲ. "ಫಾದರ್ ಮುಟ್ಟುವ ಕಾಲು, ಗಲೀಜು ಇರಬಾರದು" ಎಂದರು. ಸಂಜೆ ಪೀಠದ ಮುಂದೆ ಬೆಂಚಿನ ಮೇಲೆ ಕುಳಿತ ಹನ್ನೆರಡು ಜನರೂ ಮನೆಯಲ್ಲೇ ತೊಳೆದುಕೊಂಡು ಬಂದವರು ಎಂದು ಗೆಳತಿ ಹೇಳಿದಳು. ಗುರುಗಳು ಒಬ್ಬೊಬ್ಬರ ಬಲಗಾಲಿಗೆ ತಂಬಿಗೆಯಿಂದ ನೀರು ಹನಿಸಿ, ಒರೆಸಿ, ಮುತ್ತಿಟ್ಟು ಮುಂದೆ ಹೋದರು. ಬೋಗುಣಿಯ ನೀರು ಕೊನೆಯವರೆಗೂ ತಿಳಿಯಾಗಿಯೇ ಇತ್ತು.

ಆ ಹಿರಿಯರ ಗೌರವ ನನಗೆ ಅರ್ಥವಾಗುತ್ತದೆ, ಅದನ್ನು ಹಗುರವಾಗಿ ಕಾಣುವವಳಲ್ಲ ನಾನು. ಆದರೆ ನಾವೆಲ್ಲರೂ ದೇವರ ಬಳಿಗೆ ಹೋಗುವುದು ಹಾಗೆಯೇ ಅಲ್ಲವೇ? ಸ್ವಲ್ಪ ಸುಧಾರಿಸಿಕೊಂಡು ಪ್ರಾರ್ಥನೆಗೆ ಕೂರುತ್ತೇವೆ. ಸಿಟ್ಟು ಇಳಿದ ಮೇಲೆ, ಕುಡಿತ ಬಿಟ್ಟ ಮೇಲೆ, ತಮ್ಮನ ಜೊತೆ ರಾಜಿಯಾದ ಮೇಲೆ ಬರುತ್ತೇನೆ ಎನ್ನುತ್ತೇವೆ. ಪ್ರಭು ಭೋಜನದ ಭಾನುವಾರ ಹಿಂದಿನ ಬೆಂಚಿನಲ್ಲೇ ಉಳಿದುಬಿಡುವವರು ನಮ್ಮ ಸಭೆಯಲ್ಲಿ ಕಡಿಮೆಯಿಲ್ಲ. ಕೇಳಿದರೆ, "ಯೋಗ್ಯತೆ ಇಲ್ಲಮ್ಮ, ಮನಸ್ಸು ಸರಿಮಾಡಿಕೊಂಡು ಮುಂದಿನ ತಿಂಗಳು ನೋಡೋಣ" ಎನ್ನುತ್ತಾರೆ. ತಾನು ತೊಳೆದುಕೊಳ್ಳಬಲ್ಲೆ ಎಂಬ ನಂಬಿಕೆ ಆ ಮಾತಿನ ಒಳಗೆ ಅವಿತು ಕುಳಿತಿರುತ್ತದೆ. ಲೂಕನ ಸುವಾರ್ತೆಯ 18ನೇ ಅಧ್ಯಾಯದ ಸುಂಕದವನು ದೇವಾಲಯಕ್ಕೆ ಬಂದದ್ದು ವಸೂಲಿಯ ಕೊಳೆಯ ಸಮೇತ. ಅವನು ಸುಧಾರಿಸಿಕೊಂಡಿದ್ದೇನೆ ಎನ್ನಲಿಲ್ಲ, ಸುಧಾರಿಸಿಕೊಳ್ಳುತ್ತೇನೆ ಎಂದೂ ಹೇಳಲಿಲ್ಲ. ಪಾಪಿಯಾದ ನನ್ನನ್ನು ಕರುಣಿಸು ಎಂದನು. ನೀತಿವಂತನೆನಿಸಿಕೊಂಡು ಮನೆಗೆ ಹೋದದ್ದು ಅವನೇ.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಕಾಲು ತೊಳೆಯುವ 13ನೇ ಅಧ್ಯಾಯಕ್ಕೆ ಹಿಂದಿನದರಲ್ಲೇ, ಪಸ್ಕವೆಂಬ ಯೆಹೂದ್ಯರ ಹಬ್ಬಕ್ಕೆ ಆರು ದಿನ ಮುಂಚೆ, ಯೇಸು ತನ್ನ ಕಾಲುಗಳನ್ನು ಇನ್ನೊಬ್ಬರ ಕೈಗೆ ಕೊಟ್ಟು ಕುಳಿತಿದ್ದಾನೆ. ಬೇಥಾನ್ಯದಲ್ಲಿ ಲಾಜರನ ಸಹೋದರಿ ಮರಿಯಳು ಅಚ್ಚ ಜಟಾಮಾಂಸಿ ತೈಲವನ್ನು ತಂದು ಆತನ ಪಾದಗಳಿಗೆ ಹಚ್ಚಿ ತನ್ನ ತಲೆಗೂದಲಿನಿಂದ ಒರೆಸುತ್ತಾಳೆ. ಜಟಾಮಾಂಸಿ ನಮ್ಮ ಹಿಮಾಲಯದ ಗಿಡ. ಅದರ ಬೇರಿನ ಎಣ್ಣೆ ಅಷ್ಟು ದೂರ ಹೋಗಿ ಮುಟ್ಟುವ ಹೊತ್ತಿಗೆ ಬೆಲೆ ಆಕಾಶಕ್ಕೇರಿರುತ್ತಿತ್ತು. ಮುನ್ನೂರು ದಿನಾರಿಗೆ ಮಾರಬಹುದಿತ್ತಲ್ಲ ಎಂದು, ಮುಂದೆ ಯೇಸುವನ್ನು ಹಿಡಿದುಕೊಡಲಿದ್ದ ಶಿಷ್ಯ ಯೂದನು ಲೆಕ್ಕ ಹಾಕುತ್ತಾನೆ. ಒಂದು ದಿನಾರ ಎಂದರೆ ಕೂಲಿಯವನ ಒಂದು ದಿನದ ದುಡಿಮೆ. ಸುಮಾರು ಒಂದು ವರ್ಷದ ಸಂಬಳ ಪಾದದ ಮೇಲೆ ಹರಿದುಹೋಯಿತು. ನಾನಾಗಿದ್ದರೆ ನಾಚಿಕೆಯಿಂದ, "ಅಯ್ಯೋ, ಇದೆಲ್ಲ ಯಾಕೆ, ಬಡವರಿಗೆ ಕೊಡಬಹುದಿತ್ತಲ್ಲ" ಎಂದು ಹೇಳಿಯೇ ಬಿಡುತ್ತಿದ್ದೆ. ಆ ಮಾತನ್ನು ಅಲ್ಲಿ ಹೇಳಿದವನು ಯೂದ. ಯೇಸು ಹೇಳಿದ್ದು, ಆಕೆಯನ್ನು ಬಿಡು ಎಂದು. ಆ ಪ್ರೀತಿಯನ್ನು ಆತನು ಪೂರ್ತಿಯಾಗಿ ಸ್ವೀಕರಿಸಿದನು.

ಹೀಗೆ ಹುಡುಕುತ್ತಾ ಹೋದರೆ ಸುವಾರ್ತೆಗಳ ತುಂಬ ಪಡೆಯುವ ಯೇಸು ಸಿಗುತ್ತಾನೆ. ಸಮಾರ್ಯದ ಬಾವಿಯ ಬಳಿ ನೀರಿಗೆ ಬಂದ ಹೆಂಗಸಿಗೆ ಆತನು ಹೇಳಿದ ಮೊದಲ ಮಾತೇ ನೀರು ಕೊಡು ಎಂಬುದು. ಕೊಡ ಆಕೆಯದು, ಬಾವಿ ಆಳ, ಸೇದುವುದಕ್ಕೆ ಆತನ ಬಳಿ ಏನೂ ಇಲ್ಲ. ಉಪದೇಶ ಮಾಡಲು ದೋಣಿ ಸೀಮೋನ ಪೇತ್ರನದು. ಪಸ್ಕದ ಊಟಕ್ಕೆ ಮಾಳಿಗೆ ಬೇರೆಯವರದು. ಊರೂರು ತಿರುಗುವಾಗ ಖರ್ಚು ನೋಡಿಕೊಂಡವರು ಹೆಂಗಸರು ಎಂದು ಲೂಕನು 8ನೇ ಅಧ್ಯಾಯದಲ್ಲಿ ಹೆಸರು ಸಮೇತ ಬರೆಯುತ್ತಾನೆ: ಮಗ್ದಲದ ಮರಿಯಳು, ಹೆರೋದನ ಮನೆವಾರ್ತೆ ನೋಡುತ್ತಿದ್ದ ಕೂಜನ ಹೆಂಡತಿ ಯೋಹಾನಳು, ಸುಸನ್ನಳು. ಶಿಲುಬೆಯನ್ನು ಹೊರಲು ಕುರೇನೆಯ ಸೀಮೋನನ ಹೆಗಲು ಬೇಕಾಯಿತು. ಕೊನೆಗೆ ಸಮಾಧಿಯೂ ಅರಿಮಥಾಯದ ಯೋಸೇಫನದು. ಐದು ಸಾವಿರ ಜನರಿಗೆ ಊಟ ಹಾಕಿದವನು ಇನ್ನೊಬ್ಬರ ಮನೆಯ ಊಟಕ್ಕೆ ಕೈಯೊಡ್ಡಿದ್ದು ಕೊರತೆಯಿಂದ ಮಾತ್ರ ಎಂದು ನಾನು ನಂಬುವುದಿಲ್ಲ. ಮನುಷ್ಯನಾಗಿ ಬಾಳುವುದೆಂದರೆ ಹೀಗೆ ಎಂದು ಆತನು ನಮ್ಮ ಮಧ್ಯೆ ಬಾಳಿ ತೋರಿಸಿದನು.

ಸಭೆಯಲ್ಲಿ ಮುಂದಾಳುಗಳಾಗಿ ಇರುವವರಿಗೆ ಇದು ಬಹಳ ಕಷ್ಟ. ಭಾನುವಾರ ಶಾಲೆ ನಡೆಸುವವರು, ಗಾಯನ ತಂಡದವರು, ಆಸ್ಪತ್ರೆ ಭೇಟಿಗೆ ಹೋಗುವವರು, ಎಲ್ಲರಿಗಿಂತ ಹೆಚ್ಚಾಗಿ ಸಭೆಯ ಪಾದ್ರಿಗಳಾದ ಅಯ್ಯನವರು. ಅಯ್ಯನವರು ಮನೆಗೆ ಬಂದರೆ ನಮ್ಮ ಕಷ್ಟಗಳನ್ನೆಲ್ಲ ಅವರ ಮುಂದೆ ಸುರಿಯುತ್ತೇವೆ, ಅವರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಹೋಗುತ್ತಾರೆ. ಅವರಿಗೋಸ್ಕರ ಯಾರು ಪ್ರಾರ್ಥಿಸುತ್ತಾರೆ ಎಂದು ಕೇಳಿದವರು ಎಷ್ಟು ಜನ? ಕೇಳಿದರೂ ಅವರು ಹೇಳುವುದು ಕಷ್ಟ. ಕೊಡುವವನ ಸ್ಥಾನ ಎತ್ತರದ್ದು, ಅಲ್ಲಿ ಒಂದು ಭದ್ರತೆಯಿದೆ. ಬೇರೆಯವರ ಗಾಯ ನೋಡುತ್ತಿರುವವರೆಗೆ ನಮ್ಮ ಗಾಯವನ್ನು ಬಿಚ್ಚಬೇಕಾಗಿಲ್ಲ. ಸೇವೆಯೇ ದೇವರಿಂದ ನಮ್ಮನ್ನು ಮರೆಮಾಡಿಕೊಳ್ಳುವ ತೆರೆಯಾಗಬಹುದು. ಹಾಗೆ ವರ್ಷಗಟ್ಟಲೆ ದುಡಿದು, ಒಳಗೆ ಬತ್ತಿಹೋಗಿ, ಒಂದು ದಿನ ಯಾರಿಗೂ ಹೇಳದೆ ಸಭೆಗೆ ಬರುವುದನ್ನೇ ಬಿಟ್ಟವರನ್ನು ನಾನು ಬಲ್ಲೆ.

ಇದನ್ನು ನಾನು ಹತ್ತಿರದಿಂದ ನೋಡಿದ್ದು ಅಮ್ಮನಲ್ಲಿ. ಅಮ್ಮ ನಮ್ಮ ಸಭೆಯ ಮಹಿಳೆಯರ ಕೂಟವನ್ನು ಬಹುಕಾಲ ನಡೆಸಿದವರು. ಹೆರಿಗೆ, ಸಾವು, ಆಪರೇಷನ್, ಯಾವುದಿದ್ದರೂ ಅಲ್ಲಿಗೆ ಅವರ ಬಟ್ಟೆಯ ಚೀಲ ಹೋಗುತ್ತಿತ್ತು. ಅದರಲ್ಲಿ ಬಿಸ್ಕತ್ತಿನ ಪೊಟ್ಟಣ, ಪುಟ್ಟ ಹೊಸ ಒಡಂಬಡಿಕೆ, ಒಂದು ಒಗೆದ ಟವಲು, ನೋವಿನ ಮುಲಾಮು. ಹಾಸಿಗೆ ಹಿಡಿದ ಎಷ್ಟೋ ಅಜ್ಜಿಯರ ಮೈ ಒರೆಸಿದ್ದಾರೆ. ಪಾರ್ಶ್ವವಾಯು ಬಂದು ಎಡಗಡೆ ಸೋತ ಮೇಲೆ ಅವರಿಗೆ ಸ್ನಾನ ಮಾಡಿಸುವ ಕೆಲಸ ನನ್ನದಾಯಿತು. ಬಚ್ಚಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ, ಪಕ್ಕದಲ್ಲಿ ಬಿಸಿನೀರಿನ ಬಕೆಟ್ಟು. ನಾನು ಹೋಗುವಷ್ಟರಲ್ಲಿ ಒಂದೇ ಕೈಯಲ್ಲಿ ರವಿಕೆಯ ಗುಂಡಿಗಳ ಜೊತೆ ಹೋರಾಡಿ ಸುಸ್ತಾಗಿರುತ್ತಿದ್ದರು. ಬೆನ್ನಿಗೆ ನೀರು ಹಾಕಬಹುದಿತ್ತು, ತಲೆಗೂ ಹಾಕಬಹುದಿತ್ತು. ಕಾಲಿನ ಹತ್ತಿರ ಬಗ್ಗಿದರೆ ಮಾತ್ರ, "ಅದು ಬೇಡ, ಮೇಲಿಂದ ನೀರು ಬಿಡು ಸಾಕು" ಎನ್ನುತ್ತಿದ್ದರು. ದನಿಯಲ್ಲಿ ಅಪ್ಪಣೆ ಇರುತ್ತಿತ್ತು.

ಹಿಮ್ಮಡಿ ಒಡೆದು ನೋವು ಹೆಚ್ಚಾದಾಗ ಒಂದು ದಿನ ಬೇರೆ ದಾರಿಯಿರಲಿಲ್ಲ. ನಾನು ನೆಲದ ಮೇಲೆ ಕುಳಿತು ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆರಳುಗಳ ಸಂದಿಯಲ್ಲಿ ಸೋಪು ಹಚ್ಚುತ್ತಿದ್ದೆ. ಅಮ್ಮ ಗೋಡೆ ನೋಡುತ್ತಿದ್ದರು. ತುಂಬ ಹೊತ್ತಾದ ಮೇಲೆ, "ಎಷ್ಟು ಜನರ ಕಾಲು ಒತ್ತಿದ್ದೇನೆ, ನನ್ನ ಕಾಲನ್ನು ಯಾರ ಕೈಗೂ ಕೊಟ್ಟವಳಲ್ಲ ನಾನು" ಎಂದರು. ದೂರೋ ಹೆಮ್ಮೆಯೋ ದುಃಖವೋ ಗೊತ್ತಾಗಲಿಲ್ಲ. ಮೂರೂ ಇದ್ದವೇನೋ.

ಆಮೇಲೆ ಬಂದ ಬದಲಾವಣೆ ನಿಧಾನದ್ದು. ಮೊದಲು ಅಮ್ಮನ ರಾತ್ರಿಯ ಪ್ರಾರ್ಥನೆ ಊರಿನವರ ಪಟ್ಟಿಯಾಗಿರುತ್ತಿತ್ತು: ಅವರ ಮಗನ ಕೆಲಸ, ಇವರ ಮಗಳ ಮದುವೆ, ಅಯ್ಯನವರ ಬೆನ್ನುನೋವು. ತಮ್ಮ ವಿಷಯ ಕೊನೆಯಲ್ಲಿ ಒಂದು ಸಾಲು, ಅದೂ "ನಿನ್ನ ಚಿತ್ತದಂತೆ ಆಗಲಿ" ಎಂದು ಮುಗಿಸುವುದಕ್ಕೆ. ಈಗ ತಮಗೋಸ್ಕರ ಕೇಳುತ್ತಾರೆ. ನಿದ್ದೆ ಕೊಡು, ಭಯ ತೆಗೆ, ಎಡಗೈ ಸ್ವಲ್ಪ ಎದ್ದರೂ ಸಾಕು ಎನ್ನುತ್ತಾರೆ. ಕೆಲವು ರಾತ್ರಿ ಅಳುತ್ತಾರೆ. ನಲವತ್ತೈವತ್ತು ವರ್ಷ ಪ್ರಾರ್ಥನೆ ಕಲಿಸಿದವರು ಈಗಲೇ ಪ್ರಾರ್ಥನೆ ಕಲಿಯುತ್ತಿದ್ದಾರೆ ಎಂದು ನನಗೆ ಅನ್ನಿಸುತ್ತದೆ. ಇನ್ನೊಂದು ವಿಷಯವನ್ನೂ ನೋಡಿದೆ. ಮೊದಲು ಸಭೆಯ ಚಿಕ್ಕ ವಯಸ್ಸಿನ ಹೆಂಗಸರಿಗೆ ಅಮ್ಮನೆಂದರೆ ಗೌರವದ ಜೊತೆ ಒಂದಿಷ್ಟು ಅಂಜಿಕೆಯಿತ್ತು. ಈಗ ಅವರು ಬಂದು ಮಂಚದ ಅಂಚಿನಲ್ಲೇ ಕುಳಿತು ಮನೆಯ ಗುಟ್ಟುಗಳನ್ನೆಲ್ಲ ಹೇಳಿಕೊಳ್ಳುತ್ತಾರೆ.

ಹಿಂದಿನವರು ಈ ತೊಡಕನ್ನು ಚೆನ್ನಾಗಿ ಅರಿತಿದ್ದರು. ಆರನೇ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟನು ತನ್ನ ಮಠದವರಿಗಾಗಿ ಬರೆದ ನಿಯಮದಲ್ಲಿ ದೀನತೆಗೆ ಹನ್ನೆರಡು ಮೆಟ್ಟಿಲುಗಳನ್ನು ಹೇಳುವ 7ನೇ ಅಧ್ಯಾಯ ಪ್ರಸಿದ್ಧ. ನನಗೆ ಹೆಚ್ಚು ಹಿಡಿಸಿದ್ದು ಅಡುಗೆಮನೆಯ ಕುರಿತಾದ 35ನೇ ಅಧ್ಯಾಯ. ಸಹೋದರರು ವಾರದ ಸರದಿಯಲ್ಲಿ ಅಡುಗೆ, ಬಡಿಸುವ ಕೆಲಸ ಮಾಡಬೇಕು. ಶನಿವಾರ, ಸರದಿ ಮುಗಿಸುವವನೂ ಶುರುಮಾಡುವವನೂ ಸೇರಿ ಎಲ್ಲರ ಕಾಲು ತೊಳೆಯಬೇಕು. ಎಂದರೆ ತೊಳೆಯುವ ಸರದಿ ಆಗೊಮ್ಮೆ ಈಗೊಮ್ಮೆ ಬಂದರೆ, ಉಳಿದ ವಾರಗಳಲ್ಲೆಲ್ಲ ಕುಳಿತು ತೊಳೆಸಿಕೊಳ್ಳಲೇಬೇಕು. ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಗಳಲ್ಲಿ ಪ್ರಭು ಭೋಜನಕ್ಕೆ ಮುಂಚೆ ಇಬ್ಬಿಬ್ಬರಾಗಿ ಕುಳಿತು ಒಬ್ಬರ ಕಾಲನ್ನು ಒಬ್ಬರು ತೊಳೆಯುತ್ತಾರೆ. ಅಲ್ಲಿ ತೊಳೆದವರು ತಕ್ಷಣವೇ ಕುರ್ಚಿಯಲ್ಲಿ ಕೂರಬೇಕು. ಗುರುಗಳೊಬ್ಬರೇ ತೊಳೆದು ಮುಗಿಸುವ ವಿಧಿಗಿಂತ ಇದು ಯೋಹಾನನ ಮಾತಿಗೆ ಹತ್ತಿರವಾಗಿದೆ ಎಂಬುದು ನನ್ನ ಅಭಿಪ್ರಾಯ.

ನಮ್ಮ ನಾಡಿಗೆ ಸುವಾರ್ತೆ ತಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರಿಗೂ ಮೊದಲು ಒದಗಿದ್ದು ಪಡೆಯುವ ಕೆಲಸವೇ. 1834ರಲ್ಲಿ ಮಂಗಳೂರಿಗೆ ಬಂದಿಳಿದವರ ನಾಲಗೆಯಲ್ಲಿ ಕನ್ನಡವಿರಲಿಲ್ಲ, ತುಳುವೂ ಇರಲಿಲ್ಲ. ಕಲಿಸಲು ಬಂದವರು ಸ್ಥಳೀಯ ಪಂಡಿತರ ಮುಂದೆ ಅಕ್ಷರ ತಿದ್ದುತ್ತಾ ಕೂರಬೇಕಾಯಿತು. 1853ರಲ್ಲಿ ಬಂದ ಫರ್ಡಿನಂಡ್ ಕಿಟ್ಟೆಲ್ ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ಈ ನಲವತ್ತು ವರ್ಷಗಳ ನಡುವೆ ಅವರು ಎಷ್ಟು ಜನರ ಬಳಿ ಕೇಳಿ, ತಿದ್ದಿಸಿಕೊಂಡು, ಮತ್ತೆ ಕೇಳಿರಬೇಕು! ಇಂದು ಎಲ್ಲ ಮತದ ಕನ್ನಡಿಗರೂ ಅವರ ಹೆಸರನ್ನು ಪ್ರೀತಿಯಿಂದ ಹೇಳುವುದು ಅವರು ಕೊಟ್ಟದ್ದಕ್ಕಾಗಿ. ಕೊಡುವಷ್ಟು ಸಂಪತ್ತು ಅವರಲ್ಲಿ ಸೇರಿದ್ದು ಕೇಳಿ ಪಡೆದದ್ದರಿಂದ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ದೀನತೆಯ ಉಪದೇಶ ನಮ್ಮಲ್ಲಿ ತಪ್ಪು ವಿಳಾಸಕ್ಕೆ ಹೋಗುತ್ತಿರುತ್ತದೆ. ಗಂಡನ ಏಟು ತಿನ್ನುವವಳಿಗೆ ತಗ್ಗಿ ನಡೆ ಎನ್ನುತ್ತೇವೆ. ಚರ್ಚಿನ ಕಸ ಗುಡಿಸುವವರಿಗೆ ಸಂಬಳ ಹೆಚ್ಚಿಸಿ ಎಂದು ಕೇಳಿದರೆ, ದೀನಮನಸ್ಸು ಇರಬೇಕು ಎಂಬ ಉತ್ತರ ಬರುತ್ತದೆ. ಜಾತಿಯ ಹೆಸರಿನಲ್ಲಿ ತಲೆಮಾರುಗಳಿಂದ ಬಗ್ಗಿಸಲ್ಪಟ್ಟವರಿಗೆ ಇನ್ನಷ್ಟು ಬಗ್ಗಿ ಎಂದು ಪೀಠದಿಂದ ಹೇಳುವುದು ಸುವಾರ್ತೆಯಲ್ಲ. ಆ ರಾತ್ರಿ ಬಗ್ಗಿದವನು ಆ ಕೋಣೆಯಲ್ಲಿ ಎಲ್ಲರಿಗಿಂತ ದೊಡ್ಡವನು. ಬಗ್ಗುವಂತೆ ಆತನನ್ನು ಯಾರೂ ಒತ್ತಾಯಿಸಲಿಲ್ಲ. ಜೀವಮಾನವೆಲ್ಲ ಬೇರೆಯವರ ಕಾಲಿನ ಹತ್ತಿರವೇ ಕುಳಿತವರಿಗೆ ಆ ಅಧ್ಯಾಯ ಕೊಡುವ ಸುದ್ದಿಯೇ ಬೇರೆ: ಎದ್ದು ಬಂದು ಕುರ್ಚಿಯಲ್ಲಿ ಕೂರು, ನಿನ್ನ ಕಾಲನ್ನು ಕರ್ತನು ತೊಳೆಯುತ್ತಾನೆ. ಆ ಕುರ್ಚಿಯಲ್ಲಿ ಕೂರಲು ಅವರಿಗೆ ಬೇಕಾಗುವುದು ಧೈರ್ಯ. ಅದೂ ನಂಬಿಕೆಯೇ.

ದೇವರನ್ನು ಆತುಕೊಳ್ಳುತ್ತೇನೆ, ಮನುಷ್ಯರ ಹಂಗು ನನಗೆ ಬೇಡ ಎನ್ನುವ ಭಕ್ತಿಯೂ ಇದೆ. ಇದು ದೊಡ್ಡ ನಂಬಿಕೆಯಂತೆ ಕಾಣುತ್ತದೆ. ಇದಕ್ಕೆ ಉದಾಹರಣೆಯಾಗಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅನಾಥಾಲಯ ನಡೆಸಿದ ಜಾರ್ಜ್ ಮುಲ್ಲರ್ ಅವರ ಹೆಸರನ್ನು ಎತ್ತುತ್ತಾರೆ. 1836ರಲ್ಲಿ ಒಂದು ಬಾಡಿಗೆ ಮನೆಯಲ್ಲಿ ಆರಂಭವಾದ ಆ ಕೆಲಸ 1870ರ ಹೊತ್ತಿಗೆ ಐದು ದೊಡ್ಡ ಕಟ್ಟಡಗಳಾಗಿ, ಎರಡು ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಜಾಗವಾಗಿತ್ತು. ಕೊರತೆಯನ್ನು ದೇವರಿಗೆ ಮಾತ್ರ ಹೇಳುವುದು, ಜನರ ಬಳಿ ಹಣ ಕೇಳದಿರುವುದು ಅವರ ನಿಯಮ. ಇದಿಷ್ಟನ್ನೇ ಹೇಳಿ ಪ್ರಸಂಗ ಮುಗಿಸುತ್ತಾರೆ. ಮುಲ್ಲರ್ ಬರೆದಿಟ್ಟ ಲೆಕ್ಕಗಳನ್ನು ನೋಡಿದರೆ ಚಿತ್ರ ಬೇರೆ. ಬಂದ ಪ್ರತಿಯೊಂದು ಕಾಣಿಕೆಯನ್ನೂ, ಅದು ಎಷ್ಟೇ ಚಿಕ್ಕದಾಗಿರಲಿ, ಬರೆದುಕೊಂಡು ವರದಿಯಾಗಿ ಅಚ್ಚು ಹಾಕಿಸಿದರು. ಹೊಲಿಗೆಯ ಕೂಲಿಯಿಂದ ಬದುಕುತ್ತಿದ್ದ ಒಬ್ಬ ಬಡ ಹೆಂಗಸು ನೂರು ಪೌಂಡು ತಂದಾಗ ಅವರು ಹಿಂಜರಿದರು, ಆಕೆಯನ್ನು ಕೂರಿಸಿಕೊಂಡು ಮಾತಾಡಿದರು, ಆಕೆಯ ಮನಸ್ಸು ಗಟ್ಟಿಯಿದೆಯೆಂದು ತಿಳಿದ ಮೇಲೆ ತೆಗೆದುಕೊಂಡರು. ಅವರ ಪ್ರಾರ್ಥನೆಗೆ ಉತ್ತರ ಬಂದದ್ದು ಇಂತಹ ಕೈಗಳ ಮೂಲಕ. ಆ ಕೈಗಳನ್ನು ಬೇಡವೆಂದಿದ್ದರೆ ಉತ್ತರವನ್ನೇ ಬೇಡವೆಂದಂತೆ. ಔಷಧಿ ಬಿಟ್ಟು ಪ್ರಾರ್ಥನೆ ಮಾತ್ರ ಸಾಕು ಎಂದು ರೋಗಿಗಳಿಗೆ ಹೇಳುವವರಿಗೂ ನನ್ನ ಮಾತು ಇದೇ. ಮಾತ್ರೆ ಕೊಡುವ ನರ್ಸಿನ ಕೈಯನ್ನು ತಳ್ಳಿ ಯಾರ ಕೈಗಾಗಿ ಕಾಯುತ್ತೀರಿ?

ಮೊದಲು ಕ್ರೈಸ್ತರನ್ನು ಹಿಂಸಿಸಿ ಆಮೇಲೆ ಯೇಸುವಿನ ಅಪೊಸ್ತಲನಾದ ಪೌಲನ ಕಥೆಯಲ್ಲಿ ಒಂದು ಬುಟ್ಟಿ ಬರುತ್ತದೆ. ಕೊರಿಂಥದವರಿಗೆ ಬರೆದ ಎರಡನೇ ಪತ್ರದ 11ನೇ ಅಧ್ಯಾಯದಲ್ಲಿ ಆತನು ತಾನು ಪಟ್ಟ ಪಾಡನ್ನೆಲ್ಲ ಹೇಳುತ್ತಾನೆ: ಛಡಿ ಏಟು, ಕಲ್ಲೆಸೆತ, ಹಡಗು ಒಡೆದದ್ದು, ಹಸಿವು, ಚಳಿ. ಹೊಗಳಿಕೊಳ್ಳಲೇಬೇಕಾದರೆ ನನ್ನ ಬಲಹೀನತೆಯನ್ನೇ ಹೇಳಿಕೊಳ್ಳುತ್ತೇನೆ ಎಂದು, ಕೊನೆಗೆ ದಮಸ್ಕದ ಸಂಗತಿಗೆ ಬರುತ್ತಾನೆ. ಹಿಡಿಯಲು ಕಾದಿದ್ದವರ ಕಣ್ಣು ತಪ್ಪಿಸಲು ಅವನನ್ನು ಬುಟ್ಟಿಯಲ್ಲಿ ಕೂರಿಸಿ ಗೋಡೆಯ ಕಿಟಕಿಯಿಂದ ಇಳಿಬಿಟ್ಟರು. ಆ ಊರಿಗೆ ಕ್ರೈಸ್ತರನ್ನು ಹಿಡಿದು ಕಟ್ಟಿ ತರುವ ಅಧಿಕಾರಪತ್ರದೊಂದಿಗೆ ಹೊರಟವನು, ಈಗ ಅದೇ ಕ್ರೈಸ್ತರ ಕೈಯಲ್ಲಿ ಮೂಟೆಯ ಹಾಗೆ ತೂಗುತ್ತಿದ್ದಾನೆ. ಹಗ್ಗ ಹಿಡಿದವರ ಹೆಸರು ಎಲ್ಲಿಯೂ ಇಲ್ಲ. ಇದಾದ ಕೂಡಲೇ, 12ನೇ ಅಧ್ಯಾಯದಲ್ಲಿ, ಶರೀರದಲ್ಲಿ ನಾಟಿದ ಶೂಲದ ಮಾತು ಬರುತ್ತದೆ. ತೆಗೆದುಹಾಕು ಎಂದು ಮೂರು ಸಾರಿ ಬೇಡಿಕೊಂಡನು. ಅದು ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಸಿಕ್ಕಿತು. ಆ ಶೂಲ ಯಾವುದೆಂದು ಪಂಡಿತರು ಎರಡು ಸಾವಿರ ವರ್ಷಗಳಿಂದ ಚರ್ಚಿಸುತ್ತಿದ್ದಾರೆ. ಪೌಲನು ಅದನ್ನು ಹೆಸರಿಸದೆ ಬಿಟ್ಟದ್ದೇ ಒಳ್ಳೆಯದಾಯಿತು. ಯಾರ ಶೂಲ ಯಾವುದೇ ಇರಲಿ, ಆ ವಾಕ್ಯ ಅವರಿಗೂ ಸಲ್ಲುತ್ತದೆ.

ಪೇತ್ರನು ಕೊನೆಗೆ ಕಲಿತನೇ? ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ, ಗಲಿಲಾಯ ಸಮುದ್ರದ ದಡದಲ್ಲಿ, ಪುನರುತ್ಥಾನವಾದ ಯೇಸು ಅವನಿಗೆ ಹೀಗೆ ಹೇಳುತ್ತಾನೆ: ಯೌವನದಲ್ಲಿ ನೀನೇ ನಡುಕಟ್ಟಿಕೊಂಡು ಇಷ್ಟಬಂದ ಕಡೆ ತಿರುಗಾಡುತ್ತಿದ್ದೆ. ಮುದುಕನಾದಾಗ ಕೈಚಾಚುವಿ, ಬೇರೊಬ್ಬನು ನಿನ್ನ ನಡುಕಟ್ಟಿ ನಿನಗೆ ಇಷ್ಟವಿಲ್ಲದ ಕಡೆಗೆ ಹೊತ್ತುಕೊಂಡು ಹೋಗುವನು. ಅವನು ಎಂಥ ಮರಣದಿಂದ ದೇವರನ್ನು ಮಹಿಮೆಪಡಿಸುವನೆಂಬುದನ್ನು ಸೂಚಿಸಿ ಹೇಳಿದ್ದು ಇದು ಎಂದು ಯೋಹಾನನು ಸೇರಿಸುತ್ತಾನ‍ೆ. ಕಾಲು ತೊಳೆಯುವುದಕ್ಕೂ ಒಪ್ಪದವನಿಗೆ ಬೇರೊಬ್ಬರು ಬಟ್ಟೆ ಉಡಿಸುವ ದಿನ ಕಾದಿತ್ತು. ಆ ಪೇತ್ರನ ಹೆಸರಿನ ಮೊದಲನೇ ಪತ್ರದ 5ನೇ ಅಧ್ಯಾಯದಲ್ಲಿ ನಿಮ್ಮನ್ನು ತಗ್ಗಿಸಿಕೊಳ್ಳಿರಿ ಎಂಬ ಮಾತು, ನಿಮ್ಮ ಚಿಂತೆಯನ್ನೆಲ್ಲ ಆತನ ಮೇಲೆ ಹಾಕಿರಿ ಎಂಬ ಮಾತು ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ಚಿಂತೆಯನ್ನು ದೇವರ ಮೇಲೆ ಇಳಿಸುವುದೇ ತಗ್ಗಿಸಿಕೊಳ್ಳುವ ಬಗೆ. ಹೊರೆಯನ್ನು ನಾನೇ ಹೊರುತ್ತೇನೆ ಎನ್ನುವವರೆಗೆ ತಗ್ಗಿದ್ದೇವೆ ಎಂದು ಹೇಳಿಕೊಳ್ಳುವಂತಿಲ್ಲ.

ಫ್ರಾನ್ಸಿಸ್ ಪೋಪರ ಕೊನೆಯ ಗುರುವಾರ ಇದನ್ನೆಲ್ಲ ನನಗೆ ಮತ್ತೆ ನೆನಪಿಸಿತು. 2013ರ ಮಾರ್ಚಿನಲ್ಲಿ ಪೋಪರಾದ ಎರಡು ವಾರಕ್ಕೆ ಅವರು ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ ಮಂಡಿಯೂರಿ ಹನ್ನೆರಡು ಜನರ ಕಾಲು ತೊಳೆದಿದ್ದರು. ಅವರಲ್ಲಿ ಹುಡುಗಿಯರಿದ್ದರು, ಮುಸ್ಲಿಮರಿದ್ದರು. ಆಮೇಲೆ ಮಂಡಿನೋವು, ಗಾಲಿಕುರ್ಚಿ. 2025ರ ಏಪ್ರಿಲ್ 17ರಂದು, ನ್ಯುಮೋನಿಯಾದಿಂದ ಚೇತರಿಸಿಕೊಳ್ಳುತ್ತಿದ್ದವರು, ರೋಮಿನ ಇನ್ನೊಂದು ಸೆರೆಮನೆಗೆ ಹೋದರು. ಈ ವರ್ಷ ನಾನು ಕಾಲು ತೊಳೆಯಲಾರೆ, ಆದರೆ ನಿಮ್ಮ ಹತ್ತಿರ ಇರಬಲ್ಲೆ, ಇರಲು ಬಯಸುತ್ತೇನೆ ಎಂಬ ಅರ್ಥದ ಮಾತುಗಳನ್ನು ಕೈದಿಗಳಿಗೆ ಹೇಳಿದರು. ನಾಲ್ಕು ದಿನಗಳ ನಂತರ ತೀರಿಕೊಂಡರು. ನಾನು ಕ್ಯಾಥೊಲಿಕಳಲ್ಲ. ಆದರೂ, ತೊಳೆಯಲಾರೆ ಎಂದು ಒಪ್ಪಿಕೊಂಡು ಬರಿಗೈಯಲ್ಲಿ ಹೋದ ಆ ಭೇಟಿ ಹಿಂದಿನ ಎಲ್ಲ ವರ್ಷಗಳ ಕಾಲು ತೊಳೆಯುವಿಕೆಗಿಂತ ಕಡಿಮೆಯದೆಂದು ನನಗೆ ಅನ್ನಿಸುವುದಿಲ್ಲ.

ಸಮುದ್ರದ ದಡದ ಆ ಮಾತು ಕೇಳಿದ ಪೇತ್ರನು ಮೊದಲು ಮಾಡಿದ್ದೇನೆಂದರೆ, ಹಿಂದಕ್ಕೆ ತಿರುಗಿ ಯೇಸುವಿಗೆ ಪ್ರಿಯನಾದ ಇನ್ನೊಬ್ಬ ಶಿಷ್ಯನನ್ನು ನೋಡಿ, ಇವನ ವಿಷಯವೇನು ಎಂದು ಕೇಳಿದ್ದು. ಅದರಿಂದ ನಿನಗೇನು, ನೀನು ನನ್ನನ್ನು ಹಿಂಬಾಲಿಸು ಎಂಬ ಉತ್ತರ ಬಂತು. ಅಮ್ಮನೂ ಅದೇ ಪ್ರಶ್ನೆ ಕೇಳುತ್ತಾರೆ. ಕೂಟದಲ್ಲಿ ಜೊತೆಗಿದ್ದ ಒಬ್ಬ ಗೆಳತಿ ವಯಸ್ಸಿನಲ್ಲಿ ಅಮ್ಮನಿಗಿಂತ ದೊಡ್ಡವರು, ಇನ್ನೂ ನಡೆದುಕೊಂಡೇ ಚರ್ಚಿಗೆ ಹೋಗುತ್ತಾರೆ. "ಅವಳಿಗೇನೂ ಆಗಲಿಲ್ಲ, ನನಗೇ ಯಾಕೆ ಹೀಗಾಯಿತು?" ಎಂದಾಗ ನನ್ನ ಬಳಿ ಉತ್ತರವಿರುವುದಿಲ್ಲ. ಯೇಸು ಪೇತ್ರನಿಗೂ ಕಾರಣ ಹೇಳಲಿಲ್ಲ. ಆ ಗೆಳತಿ ಶನಿವಾರ ಸಂಜೆ ಮನೆಗೆ ಬಂದು ಅಮ್ಮನ ತಲೆಗೆ ಎಣ್ಣೆ ಹಚ್ಚಿ ಬಾಚಿ ಜಡೆ ಹಾಕುತ್ತಾರೆ. ಎಣ್ಣೆ ಎಷ್ಟು ಹಚ್ಚಬೇಕು, ಬೈತಲೆ ಎಲ್ಲಿ ತೆಗೆಯಬೇಕು ಎಂದು ಅಮ್ಮ ಇನ್ನೂ ಹೇಳುತ್ತಲೇ ಇರುತ್ತಾರೆ. ಮರುದಿನದ ಆರಾಧನೆಗೆ ಯಾವ ಸಂಗೀತ ಹಾಡಬೇಕೆಂದು ಇಬ್ಬರೂ ಗಟ್ಟಿಯಾಗಿ ವಾದ ಮಾಡುತ್ತಾರೆ.